ನಡುಗಡ್ಡೆಯ ವರನ ವಿಚಾರಣೆ

ನಾನು ಒಂದು ಸಿನಿಮಾದಲ್ಲಿ ಪತ್ತೇದಾರನ ಪಾತ್ರ ಮಾಡಿದ್ದೇನೆ ಎಂದರೆ ಹುನಗುಂದದ ನಮ್ಮ ಶಾಲೆಯಲ್ಲಿ ಯಾರೂ ನಂಬುವುದಿಲ್ಲ. ಬೈಕಿನ ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೀಲಿ ಎಲ್ಲಿ ಎಂದು ಸ್ಟಾಫ್ ರೂಮೆಲ್ಲ ಹುಡುಕುವ ಮಾಸ್ತರ ನಾನು. ಆದರೂ ಮಾಡಿದೆ. ಮಾಡಿಸಿದವನು ನನ್ನ ದೋಸ್ತ.

ಅವನು ನವನಗರದಲ್ಲಿ ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊ ಇಟ್ಟಿದ್ದಾನೆ. ಬಾದಾಮಿಯಿಂದ ಇಳಕಲ್ಲಿನವರೆಗೆ ಅವನು ತೆಗೆಯದ ಮದುವೆಯಿಲ್ಲ, ತನ್ನದೊಂದನ್ನು ಬಿಟ್ಟು. ವಯಸ್ಸು ಮೂವತ್ತೈದು ದಾಟಿತ್ತು. ಹೆಣ್ಣಿನ ಕಡೆಯವರು ಬರುತ್ತಿದ್ದರು, ಚೂಡಾ ತಿನ್ನುತ್ತಿದ್ದರು, ಸರಕಾರಿ ನೌಕರಿ ಇಲ್ಲವಲ್ಲ ಎಂದು ಎದ್ದು ಹೋಗುತ್ತಿದ್ದರು. ಈ ಬೇಜಾರಿನಲ್ಲಿ ಅವನ ತಲೆಗೊಂದು ಕಾಮಿಡಿ ಸಿನಿಮಾ ಹೊಕ್ಕಿತು. ಅವನ ಊರು ಹಿನ್ನೀರಿನ ದಂಡೆಯಲ್ಲಿದೆ. ನೀರು ತುಂಬಿದಾಗ ಊರ ಮುಂದಿನ ದಿಬ್ಬ ನಡುಗಡ್ಡೆಯಾಗುತ್ತದೆ. ಆ ನಡುಗಡ್ಡೆಯಲ್ಲಿ ಒಬ್ಬ ಮನುಷ್ಯನಿದ್ದಾನೆ, ಯಾರ ಕೈಗೂ ಸಿಗುವುದಿಲ್ಲ. ಅವನನ್ನು ಹಿಡಿಯಲು ಪೇಟೆಯಿಂದ ಪತ್ತೇದಾರ ಬರುತ್ತಾನೆ. ಹೋದಲ್ಲೆಲ್ಲ ಹಂಚಿನ ಮೇಲೆ ಬಿಸಿ ರೊಟ್ಟಿ ಇರುತ್ತದೆ, ಮನುಷ್ಯ ಇರುವುದಿಲ್ಲ. ನಡುಗಡ್ಡೆಯವನು ಅವನೇ, ಪತ್ತೇದಾರ ನಾನು. ನಾನು ಒಪ್ಪಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಅವನು ದಿನಾ ಫೋನ್ ಮಾಡಿ ತಲೆ ತಿನ್ನುತ್ತಿದ್ದ.

ಅದೇ ಹೊತ್ತಿಗೆ ಇಳಕಲ್ಲಿನ ಒಂದು ಸಂಬಂಧದ ಮಾತು ನಡೆದಿತ್ತು. ಹುಡುಗಿ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಯಾವುದೋ ಮದುವೆಯಲ್ಲಿ ಇವನು ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಸರಿಯುತ್ತ ಸಾರಿನ ಬಕೆಟ್ಟಿನಲ್ಲಿ ಕಾಲಿಟ್ಟಾಗ ಎಲ್ಲರೂ ನಕ್ಕರೆ, ಆಕೆ ಮೊದಲು ನೀರು ತಂದುಕೊಟ್ಟು ಆಮೇಲೆ ನಕ್ಕಿದ್ದಳು. ಅಂದಿನಿಂದ ಇವನ ಕಣ್ಣಿಗೆ ಬೇರೆ ಯಾರೂ ಕಾಣುತ್ತಿರಲಿಲ್ಲ. ಹಿರಿಯರು ಮಾತಾಡಿ, ಹುಡುಗಿಯ ಕಡೆಯವರು ವಿಚಾರಿಸಿ ಹೇಳುತ್ತೇವೆ ಎಂದಿದ್ದರು. ಇದು ತಪ್ಪಿದರೆ ಇನ್ನು ಮದುವೆಯ ಮಾತೇ ಎತ್ತುವುದಿಲ್ಲ ಎಂದು ಅವನು ನನ್ನೆದುರು ಒಮ್ಮೆ ಹೇಳಿದ. ಎಲ್ಲದಕ್ಕೂ ಹಲ್ಲು ಕಿರಿಯುವವನು ನಗದೆ ಹೇಳಿದ್ದರಿಂದ ನನಗೆ ಹೆದರಿಕೆಯಾಯಿತು.

ಶೂಟಿಂಗ್ ಅವನ ಊರಿನಲ್ಲೇ ಶುರುವಾಯಿತು. ಸಹಜವಾಗಿ ಬರಬೇಕೆಂದು ಊರವರಿಗೆ ಏನೂ ಹೇಳದೆ, ಟಂಟಂ ಗಾಡಿಯಲ್ಲಿ ಗೋಣಿಚೀಲಗಳ ಮರೆಗೆ ಕ್ಯಾಮೆರಾ ಇಟ್ಟುಕೊಂಡು ಅವನು ಕೂತ. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕರಿ ಕನ್ನಡಕ ಹಾಕಿಕೊಂಡು ಅವನ ಫೋಟೊ ತೋರಿಸಿ, ಈತ ಎಲ್ಲಿರುತ್ತಾನೆ, ಎಂಥವನು ಎಂದು ಕೇಳಬೇಕು. ಜನ ಗಾಬರಿಯಾಗಿ ತಡವರಿಸಬೇಕು. ಅದೇ ಕಾಮಿಡಿ.

ಆದರೆ ನಮ್ಮ ಕಡೆ ಇಸ್ತ್ರಿ ಅಂಗಿಯ ಪರವೂರಿನವನು ಮದುವೆಯಾಗದ ಹುಡುಗನ ಫೋಟೊ ಹಿಡಿದು ಬಂದರೆ ಅದಕ್ಕೆ ಒಂದೇ ಅರ್ಥ. ಅವನು ಹೆಣ್ಣಿನ ಕಡೆಯವನು, ಗುಟ್ಟಾಗಿ ವಿಚಾರಿಸಲು ಬಂದಿದ್ದಾನೆ. ಆಗ ಊರವರು ನಡೆದುಕೊಳ್ಳುವ ರೀತಿಯೂ ಒಂದೇ. ನಿನ್ನೆಯಷ್ಟೇ ಜಗಳಾಡಿದವನಾದರೂ ಸರಿ, ತಮ್ಮೂರ ಹುಡುಗನ ಮೇಲೆ ಕೆಟ್ಟ ಮಾತು ಬರಗೊಡುವುದಿಲ್ಲ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅಜ್ಜಿ ಫೋಟೊ ನೋಡುವ ಮೊದಲೇ ಹೊಗಳಲು ಹತ್ತಿದಳು.

“ಬಂಗಾರದಂಥಾ ಹುಡುಗ ತಗೋರಿ. ಕುಡಿಯೂದಿಲ್ಲ, ಸೇದೂದಿಲ್ಲ, ತಲಿ ಎತ್ತಿ ನಡಿಯೂದಿಲ್ಲ.”

ಚಹಾದಂಗಡಿಯವನಿಗೂ ದೋಸ್ತನಿಗೂ ಮಾತು ಬಿಟ್ಟು ವರ್ಷವಾಗಿತ್ತು. ಅವನು ಆ ಹುಡುಗ ತನ್ನ ಒಡಹುಟ್ಟಿದವನಿಗಿಂತ ಹೆಚ್ಚು ಎಂದ. ಕುರಿ ಕಾಯುವ ಹಿರಿಯನೊಬ್ಬ, ಹುಡುಗ ಓಣಿಗೆ ಬಂದರೆ ನಾಯಿ ಕೂಡ ಬೊಗಳುವುದಿಲ್ಲ ಎಂದು ಬೀರಪ್ಪನ ಆಣೆ ಮಾಡಿದ. ಬೀಗರಾಗುವವರು ಹಸಿದು ಹೋಗಬಾರದೆಂದು ನನಗೆ ಮೂರು ಮನೆಯಲ್ಲಿ ಊಟ ಹಾಕಿದರು. ಸಂಜೆ ಕೂತು ನೋಡಿದರೆ ನಾವು ತೆಗೆದದ್ದು ಕಾಮಿಡಿಯಲ್ಲ, ಚುನಾವಣೆಯ ಪ್ರಚಾರ.

ದೋಸ್ತ ಸಿಟ್ಟಿಗೆದ್ದ. ಊರವರನ್ನು ಬೀರಪ್ಪನ ಗುಡಿಯ ಮುಂದೆ ಕೂರಿಸಿ, ಇದು ಸಿನಿಮಾ, ನನ್ನನ್ನು ಹೊಗಳಬೇಡಿ ಎಂದು ಕೈಮುಗಿದ. ಮತ್ತೆ ಯಾರಾದರೂ ಫೋಟೊ ಹಿಡಿದು ಬಂದರೆ, ಈತ ಯಾರ ಕೈಗೂ ಸಿಗದ ಬದ್ಮಾಶ ಎನ್ನಬೇಕು. ಕ್ಯಾಮೆರಾ ಎಲ್ಲೋ ಅಡಗಿರುತ್ತದೆ, ಅತ್ತಿತ್ತ ಹುಡುಕದೆ ನೆಲ ನೋಡುತ್ತ ಮಾತಾಡಬೇಕು. ಒಬ್ಬೊಬ್ಬರಿಂದಲೂ ಹೇಳಿಸಿ ನೋಡಿದ. ಜನಕ್ಕೆ ಹುರುಪು ಬಂತು. ಚೆನ್ನಾಗಿ ಬೈದವರಿಗೆ ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ.

ನಮ್ಮ ಮುಂದಿನ ಶೂಟಿಂಗ್ ಭಾನುವಾರವಿತ್ತು. ಶುಕ್ರವಾರ ಇಳಕಲ್ಲಿನಿಂದ ಹುಡುಗಿಯ ಸೋದರಮಾವ, ಇಂಥ ವಿಚಾರಣೆಗೆ ಎಲ್ಲರೂ ಬರುವ ಹಾಗೆ, ಹೇಳದೆ ಕೇಳದೆ ಊರಿಗೆ ಬಂದ. ಇಸ್ತ್ರಿ ಅಂಗಿ ಹಾಕಿದ್ದ. ಕೈಯಲ್ಲಿ ಫೋಟೊ ಇತ್ತು.

ಭಾನುವಾರ ನಾವು ಟಂಟಂ ಇಳಿಯುತ್ತಿದ್ದಂತೆ ಊರವರು ಹೆಮ್ಮೆಯಿಂದ ಸುತ್ತುಗಟ್ಟಿದರು. ಅಜ್ಜಿ ಮುಂದೆ ಬಂದಳು.

“ಮೊನ್ನೆ ನಿಮ್ಮ ಮನಷ್ಯಾ ಬಂದಿದ್ನಲ್ಲೋ, ಎಲ್ಲಾ ಹೇಳೇವಿ. ನನ್ನ ಕೋಳಿ ಕದ್ದಾನ ಅಂತನೂ ಸೇರಿಸೇನಿ ನೋಡು, ನೀ ಹೇಳಿಕೊಟ್ಟಿರಲಿಲ್ಲ. ಆ ಮನಷ್ಯಾ ಭಾರಿ ಪಾರ್ಟು ಮಾಡ್ತಾನಪ್ಪಾ, ಕಣ್ಣಾಗ ಖರೇನ ನೀರು ತಂದ.”

ಬಂದಿದ್ದವನು ಹುಡುಗಿಯ ಕಡೆಯವನು ಎಂದು ದೋಸ್ತನಿಗೂ ನನಗೂ ಒಟ್ಟಿಗೇ ಹೊಳೆಯಿತು. ಚಹಾದಂಗಡಿಯವನು, ಆ ಹುಡುಗ ಮೂರು ಕಡೆ ಹೆಣ್ಣು ಗೊತ್ತು ಮಾಡಿಕೊಂಡು ನೀರಿಗೆ ಹಾರಿ ಓಡಿಹೋಗಿದ್ದಾನೆ ಎಂದು ಹೇಳಿದ್ದನಂತೆ. ಎಲ್ಲರೂ ಕಲಿಸಿದಂತೆ ನೆಲ ನೋಡುತ್ತ ಮಾತಾಡಿದ್ದರಿಂದ ಆ ಸೋದರಮಾವನಿಗೆ ಇಡೀ ಊರೇ ನಾಚಿಕೆಯಿಂದ ತಲೆ ತಗ್ಗಿಸಿದಂತೆ ಕಂಡಿರಬೇಕು. ನನಗೆ ನಗು ಬಂತು, ತಡೆದುಕೊಂಡೆ. ದೋಸ್ತ ಕ್ಯಾಮೆರಾವನ್ನು ಚೀಲದೊಳಗೆ ಹಾಕಿ ಜಿಪ್ ಎಳೆದು ಟಂಟಂ ಒಳಗೆ ಹೋಗಿ ಕೂತ. ಅವನ ಮುಖ ನೋಡಿ ನನ್ನ ನಗು ಅಲ್ಲೇ ಸತ್ತಿತು.

ವಿಷಯ ತಿಳಿದು ಊರಿಗೆ ಮೈಯೆಲ್ಲ ಬೆವರಿತು. ತಮ್ಮೂರ ಹುಡುಗನ ಮದುವೆಯನ್ನು ತಾವೇ ಮುರಿದ ಅಪಕೀರ್ತಿ ಆ ಊರಿಗೆ ಹಿಂದೆಂದೂ ಬಂದಿರಲಿಲ್ಲ. ಅಜ್ಜಿ ಶೇಂಗಾ ಬುಟ್ಟಿಯನ್ನು ಅಲ್ಲೇ ಬಿಟ್ಟು, ಈಗಲೇ ಇಳಕಲ್ಲಿಗೆ ನಡೀರಿ ಎಂದಳು. ಟೆಂಪೊ ಬಂತು. ದೋಸ್ತ ಒಲ್ಲೆ ಎಂದರೂ ಎತ್ತಿ ಹಾಕಿಕೊಂಡರು. ಬರಿಗೈಯಲ್ಲಿ ಹೋಗಬಾರದೆಂದು ಅಮೀನಗಡದಲ್ಲಿ ನಿಲ್ಲಿಸಿ ಕರದಂಟು ಕೊಂಡರು. ಯಾವ ಅಂಗಡಿಯದು ಚಲೋ ಎಂದು ವಾದ ಹತ್ತಿ ಅರ್ಧ ತಾಸು ಹೋಯಿತು.

ಹುಡುಗಿಯ ಮನೆಯಲ್ಲಿ ಸೋದರಮಾವ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಅಜ್ಜಿ ತನ್ನ ಕೋಳಿ ಮನೆಯಲ್ಲೇ ಇದೆ, ತತ್ತಿ ಇಡುತ್ತಿದೆ ಎಂದಳು. ಚಹಾದಂಗಡಿಯವನು ಆ ಹುಡುಗನಿಗೆ ಈಜೇ ಬರುವುದಿಲ್ಲ ಎಂದ. ನಾನು ಮೊದಲ ದಿನದ ವಿಡಿಯೊವನ್ನು ಫೋನಿನಲ್ಲಿ ತೋರಿಸಿದೆ. ಬಂಗಾರದಂಥಾ ಹುಡುಗ ಎಂದು ಅಜ್ಜಿ ಹೇಳುವುದನ್ನು ಸೋದರಮಾವ ಪೂರ್ತಿ ನೋಡಿ ಫೋನು ಮರಳಿ ಕೊಟ್ಟ.

“ಮಾಸ್ತರ, ನಾನೂ ನಮ್ಮ ಓಣಿ ಹುಡುಗೋರ ಬಗ್ಗೆ ಹಿಂಗ ಹೇಳೇನ್ರಿ. ಅದರಾಗ ಅರ್ಧಾ ಮಂದಿ ಕುಡುಕರು. ಹೊಗಳಿದ್ದನ್ನ ಯಾರು ನಂಬ್ತಾರ? ಬೈದದ್ದು ಮಾತ್ರ ಖರೆ ಇರ್ತೈತಿ.”

ಇಷ್ಟು ಜನ ಇಷ್ಟು ದೂರ ಬಂದು ಕರದಂಟಿನ ಪೊಟ್ಟಣ ಹಿಡಿದು ನಿಂತಿದ್ದೆವು, ಮದುಮಗನಾಗಬೇಕಾದವನು ಮಾತ್ರ ಟೆಂಪೊದಿಂದ ಇಳಿದಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು. ಹೋಗಿ ನೋಡಿದರೆ ಅವನು ಹಿಂದಿನ ಸೀಟಿನಲ್ಲಿ ಮುಖಕ್ಕೆ ಟವೆಲ್ ಹಾಕಿಕೊಂಡು ಕೂತಿದ್ದ. ಇಳಿಯೋ ಎಂದೆ. ಅವನು ಅಲುಗಲಿಲ್ಲ.

ಆಗ ಹುಡುಗಿ ಹೊರಗೆ ಬಂದಳು. ಮಾವನನ್ನು ದಾಟಿ, ನನ್ನನ್ನು ದಾಟಿ, ಟೆಂಪೊದ ಕಿಟಕಿಯ ಹತ್ತಿರ ನಿಂತಳು. ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು.

“ನಿಮ್ಮ ಮಂದಿ ನಮ್ಮ ಓಣ್ಯಾಗ ನನ್ನ ವಿಚಾರಿಸ್ಯಾರ. ಆಕಳಂಥಾ ಹುಡುಗಿ ಅಂತ ಹೇಳಿರ್ತಾರ. ಅದು ಸುಳ್ಳು. ನನಗ ಭಾಳ ಸಿಟ್ಟು ಬರ್ತೈತಿ, ಸಿಟ್ಟು ಬಂದ್ರ ಎರಡು ದಿನಾ ಮಾತಾಡೂದಿಲ್ಲ. ಈಗ ನಿಮ್ಮದೊಂದು ಖರೇ ನೀವ ಹೇಳ್ರಿ.”

ದೋಸ್ತ ಟವೆಲ್ ತೆಗೆದ.

“ನಾ ಅಂಜುಬುರುಕ ಇದ್ದೇನ್ರಿ. ನೀವು ಒಲ್ಲೆ ಅನ್ನೂದನ್ನ ನನ್ನ ಕಿವಿಲೆ ಕೇಳಬಾರದಂತ ಇಲ್ಲೇ ಕುಂತೇನಿ.”

ಆಕೆ ಟೆಂಪೊದ ಬಾಗಿಲನ್ನು ತಾನೇ ಎಳೆದು ತೆರೆದಳು.

“ಹೊರಗ ಬಿಸಲೈತಿ,” ಎಂದಳು. “ಒಳಗ ಬರ್ರಿ.”