ಕಾಕಾ ತೆಲುಗು ಮಾತಾಡಿದ ವಾರ

ನನ್ನ ಗಂಡನಿಗೆ ಐವತ್ತೆರಡು ತುಂಬಿದ ವರ್ಷ ಅವರ ಕಾರ್ಖಾನೆಯ ಸ್ಟೋರ್ಸಿಗೆ ಕಂಪ್ಯೂಟರುಗಳು ಬಂದವು. ಆಗ ಹೈದರಾಬಾದಿನಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕ್ಲಾಸು. ನಮ್ಮ ಮಲ್ಕಾಜ್‌ಗಿರಿಯ ಹಾಲಿನ ಬೂತಿನ ಗೋಡೆಯ ಮೇಲೂ ಅದರದೇ ಜಾಹೀರಾತು. ಯಾವ ಬೋಲ್ಟು ಯಾವ ಕಪಾಟಿನಲ್ಲಿದೆ ಎಂಬುದು ಇವರಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಆದರೆ ತರಬೇತಿಯ ಕೊನೆಗೆ ಪರೀಕ್ಷೆ: ಬಂದ ಸಾಮಾನನ್ನು ಒಬ್ಬರೇ ಕುಳಿತು ಕಂಪ್ಯೂಟರಿನಲ್ಲಿ ದಾಖಲಿಸಬೇಕು. ಆಗದವರು ಹಳೆಯ ಕಡತಗಳ ಕೋಣೆಗೆ.

ಕಲಿಸಲು ಬಂದವಳು ರಾಯಚೂರಿನ ಹುಡುಗಿ, ನಾರಾಯಣಗೂಡದ ಹಾಸ್ಟೆಲಿನಲ್ಲಿದ್ದಳು. ಇವರ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ಉಳಿದವರೆಲ್ಲ 'ಸರ್' ಆದರೆ ಎಲ್ಲರಿಗಿಂತ ಹಿರಿಯರಾದ ಇವರು 'ಕಾಕಾ' ಆದರು. ಮೊದಲ ದಿನ ಇವರು ಹಿಗ್ಗಿ, ಅವಳನ್ನು ಭಾನುವಾರದ ಊಟಕ್ಕೂ ಕರೆದು ಬಂದಿದ್ದರು. ಮೂರನೆಯ ದಿನ ಬಂದವರೇ ತಲೆ ತಗ್ಗಿಸಿ ಬೂಟು ಬಿಚ್ಚತೊಡಗಿದರು.

"ಏನ್ ಕಲಿತ್ರಿ ಇವತ್ತ?"

"ನೋಡೂದು ಕಲಿತೆ. ಮೌಸಿನ ಮ್ಯಾಲ ಕೈ ಇಟ್ಟರ ಸಾಕು, 'ಇರಲಿ ಬಿಡ್ರಿ ಕಾಕಾ, ನಾ ಮಾಡ್ತೀನಿ' ಅಂತಾಳ. ಮಗಳಂಗ ಅದಾಳ, ಹೆಂಗ ಬ್ಯಾಡ ಅನ್ನೂದು?"

ಐವತ್ತು ದಾಟಿದವರಿಗೆ ಹೊಸದು ತಲೆಗೆ ಹತ್ತುವುದಿಲ್ಲ ಎಂಬುದು ಅವರ ಆಫೀಸಿನ ಹಳೆಯ ಮಾತು. ಇವರು ಅದಕ್ಕೆ ನಗುತ್ತಿದ್ದರು. ಅಂದು ಊಟಕ್ಕೆ ಕೂತಾಗ ತಾವೇ ಅಂದರು, "ಹತ್ತಂಗಿಲ್ಲ ಬಿಡು ನನಗ."

ಸಮಾಧಾನಕ್ಕೆಂದು ನಾನು, "ಕಡತದ ಕೋಣಿ ಏನ್ ಕೆಟ್ಟದ್ದ? ಆರಾಮ ಇರ್ರಿ," ಎಂದುಬಿಟ್ಟೆ. ಅವರು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು. ಆ ಹುಡುಗಿ ಮಾಡಿದ್ದನ್ನೇ ನಾನೂ ಮಾಡಿದ್ದೆ.

ಮರುದಿನದಿಂದ ಇವರು ಕ್ಲಾಸಿನಲ್ಲಿ ಬರೀ ತೆಲುಗು ಮಾತಾಡತೊಡಗಿದರು. ತೆಲುಗಿನಲ್ಲಾದರೆ ತಾವೂ ಎಲ್ಲರಂತೆ 'ಸರ್' ಆಗಬಹುದು, ಮೌಸು ಕೈಗೆ ಬರಬಹುದು ಎಂಬ ಉಪಾಯ.

ಭಾನುವಾರ ಹುಡುಗಿ ಚಿಕ್ಕು ಹಣ್ಣು ಹಿಡಿದು ಬಂದಳು. ಇವರು ಮೊಸರು ತರಲು ಹೋಗಿದ್ದರು. ನನ್ನ ಪಕ್ಕ ಕೂತು ಬಟಾಣಿ ಸುಲಿಯುತ್ತಾ ಸಣ್ಣ ದನಿಯಲ್ಲಿ ಕೇಳಿದಳು, "ಕಾಕು, ಕಾಕಾ ನನ್ನ ಕೂಡ ತೆಲುಗು ಮಾತಾಡಾಕತ್ತಾರ್ರೀ. ನಂದೇನರ ತಪ್ಪಾತೇನ್ರಿ?"

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರು ಕೈ ಹಿಡಿದು ಬರೆಸುತ್ತಿದ್ದದ್ದು ಮೊದಲ ವಾರ ಮಾತ್ರ. ಆಮೇಲೆ ಸೊಟ್ಟಗಾದರೂ ನಮ್ಮದೇ ಅಕ್ಷರ. ಅದನ್ನು ಹೇಳಿ, "ತಪ್ಪು ಮಾಡಾಕ ಅವರಿಗೂ ಒಂದ್ ಪಾಳಿ ಕೊಡು," ಎಂದೆ.

"ವಯಸ್ಸಾದವರಿಗೆ ತ್ರಾಸು ಕೊಡಬ್ಯಾಡ್ರಿ ಅಂತ ನಮ್ಮ ಕಂಪನ್ಯಾಗ ಹೇಳಿ ಕಳಿಸ್ಯಾರ್ರೀ."

"ಕೊಡವಾ. ಒಂಚೂರು ತ್ರಾಸು ಕೊಡು."

ಇವರು ಮೊಸರಿನೊಂದಿಗೆ ಬಂದಾಗ ಎದ್ದು ನಿಂತಳು. "ಕಾಕಾ, ನಾಳೆಯಿಂದ ನಾ ಕೈ ಕಟ್ಕೊಂಡು ನಿಂದರ್ತೀನ್ರಿ."

"ಸರೇಮ್ಮಾ," ಎಂದರು ಇವರು, ಕ್ಲಾಸಿನ ತೆಲುಗಿನ ರೂಢಿಯಿಂದ. ಹುಡುಗಿಯೇ ಮೊದಲು ನಕ್ಕಳು. "ಕನ್ನಡದಾಗ ಸಿಟ್ಟು ಮಾಡ್ರಿ ಕಾಕಾ, ತೆಲುಗಿನ್ಯಾಗ ಮರ್ಯಾದಿ ಕೊಟ್ರ ಹೆದರಿಕಿ ಬರ್ತೈತಿ."

ಪರೀಕ್ಷೆಯ ಸಂಜೆ ಇವರು ಬೂಟು ಬಿಚ್ಚದೆಯೇ ಮಾತು ಶುರು ಮಾಡಿದರು. "ಎಲ್ಲಾರೂ ಮುಗಿಸಿ ಚಾ ಕುಡದು ಬಂದ್ರು, ನಾ ಇನ್ನೂ ಕುಟ್ಟಾಕತ್ತಿದ್ದೆ. ಒಂದು ನಂಬರು ತಪ್ಪು ಬಿತ್ತು. ಆಕಿ ಕೈ ಮುಂದ ಬಂತು, ಮತ್ತ ಹಿಂದ ಹೋತು. ನಾನ ಅಳಿಸಿ ಬರದೆ."

"ಪಾಸೇನ್ರಿ?"

"ಸ್ಟೋರ್ಸಿನ್ಯಾಗ ಇರ್ತೀನಿ."

ಯಾವ ನಂಬರು ತಪ್ಪಿದ್ದು ಎಂದು ಕೇಳಿದೆ. ಒಲೆಯ ಮೇಲಿನ ಸಾರು ಕುದಿಯುವವರೆಗೂ ಹೇಳಿದರು. ಅರ್ಧ ನನಗೆ ತಿಳಿಯಲಿಲ್ಲ. ನಡುವೆ ಬಾಯಿ ಹಾಕಲಿಲ್ಲ.