ಸದ್ದಿಲ್ಲದೆ ತೂಗಿದ ಗಂಟೆ

ಮೊನ್ನೆ ಊಟಕ್ಕೆ ಕುಂತಾಗ ಮೊಮ್ಮಗಳು ಟೀವಿಯಲ್ಲಿ ಯಾವುದೋ ಸಿನಿಮಾ ಹಚ್ಚಿದಳು. ಪರದೆ ಇನ್ನೂ ಕಪ್ಪಗೇ ಇತ್ತು, ಹೆಸರು ಸಹ ಬಂದಿರಲಿಲ್ಲ. ಆ ಕಪ್ಪಿನೊಳಗಿಂದ ಒಂದು ಗಂಟೆ ಬಡಿಯತೊಡಗಿತು. ನನ್ನ ಬಾಯಲ್ಲಿದ್ದ ರೊಟ್ಟಿ ತುತ್ತು ಅಲ್ಲೇ ನಿಂತಿತು. ಅಗಿಯಲಿಲ್ಲ, ನುಂಗಲಿಲ್ಲ. "ಯಾಕಜ್ಜಿ, ಗಂಟಲಿಗೆ ಸಿಕ್ತೇನು?" ಎಂದು ಆಕೆ ನೀರು ತಂದಳು. ಸಿಕ್ಕಿರಲಿಲ್ಲ. ಅದು ನಮ್ಮ ಓಣಿಯ ಹೆಂಗಸರ ರೂಢಿ. ಆ ಓಣಿ ಹೋಯಿತು, ಆ ಹೆಂಗಸರೂ ಹೋದರು. ರೂಢಿ ಮಾತ್ರ ನನ್ನ ಬಾಯಲ್ಲಿ ಉಳಿದಿದೆ.

ದೊಡ್ಡ ಲಡಾಯಿ ನಡೆದಿದ್ದ ಕಾಲ ಅದು. ನಮ್ಮ ಮನೆ ಆದವಾನಿಯಲ್ಲಿ, ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನ ಹಿಂದಿನ ಓಣಿಯಲ್ಲಿತ್ತು. ಮನೆಯೆಂದರೆ ಒಂದು ಖೋಲಿ, ಮುಂದೊಂದು ಕಟ್ಟೆ, ಅಷ್ಟೇ. ಹತ್ತಿಯ ಎಳೆ ಹಾರಿ ಬಂದು ನೀರಿನ ಕೊಡದ ಮೇಲೆ, ಎಣ್ಣೆ ಹಚ್ಚಿದ ತಲೆಯ ಮೇಲೆ, ಬಿಸಿ ರೊಟ್ಟಿಯ ಮೇಲೆ ಕೂಡುತ್ತಿತ್ತು. ತಿಂದರೆ ಹತ್ತಿಕಾಳಿನ ಜಿಡ್ಡು ವಾಸನೆ. ಜಿನ್ನಿನ ಎಂಜಿನ್ನು ಹಗಲೂ ರಾತ್ರಿ ಧಬ್ ಧಬ್ ಎನ್ನುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥದೊಂದು ಸದ್ದು ಇದ್ದೀತು, ನಿಲ್ಲುವ ತನಕ ಇತ್ತೆಂಬುದೇ ಗೊತ್ತಾಗದ ಸದ್ದು. ಅಪ್ಪ ಆ ಜಿನ್ನಿನ ಗೇಟು ಕಾಯುತ್ತಿದ್ದ. ಗೇಟಿನ ಬೇವಿನ ಗಿಡಕ್ಕೆ ರೈಲುಪಟ್ಟಿಯ ತುಂಡೊಂದನ್ನು ತೂಗುಬಿಟ್ಟಿದ್ದರು. ಅದೇ ಗಂಟೆ, ಬಡಿಯುವವನು ಅಪ್ಪ. ಪಾಳಿ ಬದಲಾದರೆ ಕೆಲವು ಏಟು ಹೊಡೆದು ನಿಲ್ಲಿಸುತ್ತಿದ್ದ. ನಿಲ್ಲದೆ ಬಡಿದರೆ ಹತ್ತಿಗೆ ಬೆಂಕಿ ಬಿದ್ದಿದೆ ಎಂದು ಅರ್ಥ. ಎಲ್ಲರ ಮನೆಯವರೂ ಒಳಗೆ ದುಡಿಯುತ್ತಿದ್ದರಲ್ಲ, ಹಾಗಾಗಿ ಗಂಟೆ ಶುರುವಾದ ಕೂಡಲೇ ಓಣಿಯ ಹೆಂಗಸರು ಇದ್ದಲ್ಲೇ ಇದ್ದುಬಿಡುತ್ತಿದ್ದರು. ರೊಟ್ಟಿ ಬಡಿಯುವ ಕೈ ಮೇಲೆಯೇ ನಿಂತಿರುತ್ತಿತ್ತು, ತುತ್ತು ಬಾಯಲ್ಲೇ ಇರುತ್ತಿತ್ತು. ಗಂಟೆ ನಿಂತ ಮೇಲೆ ನುಂಗುವುದು.

ಒಂದು ಚಳಿಗಾಲ ಜಿನ್ನಿನ ಪಕ್ಕದ ಬಯಲಿಗೆ ಡೇರೆ ಸಿನಿಮಾ ಬಂತು. ಅಪ್ಪನ ಅಕ್ಕ ಗಂಗತ್ತಿ, ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಾಕೆ, ಅವ್ವನ ಬೆನ್ನು ಹತ್ತಿದಳು. "ನಡಿಯೇ, ನಿನ್ನ ಗಂಡ ಗೇಟ ಬಿಟ್ಟು ಓಡಿಹೋಗಂಗಿಲ್ಲ. ಹೋದ್ರ ನಿನಗ ಆರಾಮ ಆತು!" ಅವ್ವ ನಕ್ಕು ಎದ್ದಳು. ಸಂಜೆಯ ಮೊದಲ ಆಟ. ಹೆಂಗಸರ ಕಡೆ ನೆಲದ ಮೇಲೆ ಕುಂತು ಮಂಡಕ್ಕಿ ಬಾಯಿಗೆ ಹಾಕಿಕೊಂಡಿದ್ದೆವು. ದೀಪ ಆರಿತು. ಪರದೆಯ ಮೇಲೆ ಏನೂ ಇಲ್ಲ, ಬರೀ ಕಪ್ಪು. ಆ ಕಪ್ಪಿನೊಳಗೆ ಗಂಟೆ. ಢಣ್ ಢಣ್ ಢಣ್, ನಿಲ್ಲಲೇ ಇಲ್ಲ. ಸಿನಿಮಾ ಮಾಡಿದವನ ಯುಕ್ತಿ ಈಗ ನನಗೆ ಗೊತ್ತಾಗುತ್ತದೆ. ಏನೂ ತೋರಿಸದೆ ಸದ್ದು ಮೊದಲು ಬಿಟ್ಟರೆ ಕಣ್ಣಿಗೆ ಹಿಡಿಯಲು ಏನೂ ಇರುವುದಿಲ್ಲ, ಒಬ್ಬೊಬ್ಬರಿಗೂ ತಮ್ಮ ತಮ್ಮ ಹೆದರಿಕೆಯೇ ಅಲ್ಲಿ ಕಾಣುತ್ತದೆ. ಬೇರೆ ಊರಿನವರು ಗುಡಿ ನೆನೆಸಿದ್ದಾರು. ನಮ್ಮವರು ಜಿನ್ನು ನೆನೆಸಿದರು. "ಬೆಂಕಿ!" ಎಂದು ಯಾರೋ ಕೂಗಿದ್ದೇ ತಡ, ಡೇರೆಯ ಬಟ್ಟೆ ಎತ್ತಿ ನುಗ್ಗಿದರು. "ಏಮೈಂದೇ? ಏಮೈಂದೇ?" ಎನ್ನುತ್ತ, ಏನಾಯಿತೆಂದು ತಿಳಿಯದೆ, ತೆಲುಗು ಹೆಂಗಸರೂ ಹಿಂದೆ ಓಡಿಬಂದರು. ಅವ್ವ ನನ್ನನ್ನು ಸೊಂಟದ ಮೇಲೆ ಹೊತ್ತು ಬರಿಗಾಲಲ್ಲಿ ಓಡಿದಳು. ಗೇಟಿನಲ್ಲಿ ಅಪ್ಪ ಕುಂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಆಟ ಇಷ್ಟ ಲಗು ಮುಗೀತೇನು?" ಅಂದ. ಅವ್ವ ಬಾಯಲ್ಲಿದ್ದ ಮಂಡಕ್ಕಿ ಉಗುಳಿ ಬೈದಳು, ಬದುಕಿದ್ದೇ ಅವನ ತಪ್ಪು ಎನ್ನುವ ಹಾಗೆ.

ಮರುದಿನದಿಂದ ಡೇರೆಯವನು ಆ ಗಂಟೆಯ ಸದ್ದನ್ನೇ ತೆಗೆದುಬಿಟ್ಟ. ಶುರುವಿಗೆ ತಿರುಪು ತಿರುಗಿಸಿ ಮೂಕ ಮಾಡುತ್ತಿದ್ದ. "ಹ್ವಾದ ಸಲ ಬರೀ ಕತ್ತಲ ನೋಡಿ ಬಂದೀವಿ, ಈ ಸಲರ ಮನಷ್ಯಾರ ಮಾರಿ ನೋಡೂನು" ಎಂದು ಗಂಗತ್ತಿ ಮತ್ತೆ ಎಳೆದುಕೊಂಡು ಹೋದಳು. ಈ ಸಲ ಕಪ್ಪು ಸರಿದು ದೂರದಲ್ಲಿ ಒಂದು ಊರು ಕಂಡಿತು, ಗುಡ್ಡದ ಮೇಲೆ ನಿಂತು ನೋಡಿದ ಹಾಗೆ. ಆಮೇಲೆ ನಾವೇ ಗುಡ್ಡ ಇಳಿದಂತೆ ಊರು ಹತ್ತಿರ ಬಂತು. ಮಾಳಿಗೆಗಳು, ಒಂದು ಓಣಿ, ಒಂದು ಗೋಪುರ, ಅದರೊಳಗೆ ಗಂಟೆ. ಪರದೆ ತುಂಬ ಗಂಟೆಯೇ. ತೂಗುತ್ತದೆ, ನಾಲಿಗೆ ಬಡಿಯುತ್ತದೆ, ಸದ್ದಿಲ್ಲ. ಆಮೇಲೆ ಒಬ್ಬ ಹೆಂಗಸಿನ ಕಣ್ಣು, ಬರೀ ಕಣ್ಣು, ಗಾಡಿಯ ಗಾಲಿಯಷ್ಟು ದೊಡ್ಡದು. ಸದ್ದು ಇದ್ದಾಗ ಓಡಲಿಕ್ಕಾದರೂ ಬರುತ್ತಿತ್ತು. ಮೂಕ ಗಂಟೆಯ ಎದುರು ಕುಂತರೆ ಕಿವಿ ತಾನೇ ಎದ್ದು ಹೊರಗೆ ಹೋಗುತ್ತದೆ. ಅವ್ವನ ಕಿವಿ ಹೋಯಿತು. ನನ್ನ ಕೈ ಹಿಡಿದಳು.

"ಎಂಜಿನ್ನ ನಿಂತೈತಿ" ಅಂದಳು.

"ನಿನಗೆಲ್ಲೋ ಹುಚ್ಚು" ಅಂದಳು ಗಂಗತ್ತಿ. "ಬೆಂಕಿ ಬಿದ್ರ ನಿನ್ನ ಗಂಡ ಗಂಟಿ ಬಡಿಯಂಗಿಲ್ಲೇನು? ಕುಂದ್ರು, ಮಂದಿ ನಗತಾರ."

"ಬಡಿಯಾಂವ ಇದ್ರ ಬಡೀತಾನ."

ಹಿಂದೆ ಮಂದಿ ನಕ್ಕರು. ಅವ್ವ ನನ್ನನ್ನು ಎಳೆದುಕೊಂಡು ಓಡಿದಳು. ಗೇಟು ತೆರೆದಿತ್ತು, ಅಪ್ಪ ಇರಲಿಲ್ಲ. ಹತ್ತಿ ಒತ್ತಿ ಅಂಡಿಗೆ ಕಟ್ಟುವ ಖೋಲಿಯ ಬಾಗಿಲಿಂದ ಹಳದಿ ಹೊಗೆ ಬರುತ್ತಿತ್ತು. ಒಳಗೆ ಕೂಗು ಕೇಳಿ, ಗಂಟೆ ಬಡಿಯುವುದನ್ನೂ ಬಿಟ್ಟು, ಸಿಕ್ಕವರನ್ನು ಎಳೆಯಲು ಅಪ್ಪ ನುಗ್ಗಿದ್ದ. ಅವ್ವ ಅಳಲಿಲ್ಲ. ಕಬ್ಬಿಣದ ಸಲಾಕೆ ತಗೊಂಡು ಆ ರೈಲುಪಟ್ಟಿಯನ್ನು ಬಡಿದಳು, ಕೈ ಒಡೆದು ರಕ್ತ ಬಂದರೂ ಬಡಿದಳು. ಡೇರೆಯಲ್ಲಿ ಅದು ಕೇಳಿಸಿತ್ತಂತೆ. "ಈಗ ಬಂತ ನೋಡ್ರಿ ಸದ್ದು" ಎಂದು ಮಂದಿ ಖುಷಿಯಾಗಿ ಕುಂತೇ ಇದ್ದರಂತೆ, ಹೊಗೆಯ ವಾಸನೆ ಬರುವ ತನಕ. ಗಂಗತ್ತಿ ಇದನ್ನು ಒಂದೇ ಸಲ ನಗುತ್ತ ಹೇಳಲು ಹೋಗಿ ಅರ್ಧಕ್ಕೆ ಬಿಟ್ಟಳು. ಒಳಗಿದ್ದವರೆಲ್ಲ ಬದುಕಿದರು. ಅಪ್ಪನನ್ನೂ ಹೊರಗೆ ತಂದರು, ಉಸಿರಿತ್ತು. ಆದರೆ ಹೊಗೆ ಎದೆಯಲ್ಲಿ ಕುಂತಿತ್ತು. ಮುಂದಿನ ಹತ್ತಿ ಬರುವಷ್ಟರಲ್ಲಿ ಅಪ್ಪ ಹೋದ. ಆಮೇಲೆ ಎಂಜಿನ್ನು ನಡೆದಿದ್ದರೆ ಮಾತ್ರ ಅವ್ವನಿಗೆ ನಿದ್ದೆ. ನಿಂತರೆ ಎದ್ದು ಕೂಡುತ್ತಿದ್ದಳು.

ಆ ಸಿನಿಮಾದ ಶುರು ನನಗೆ ಪೂರ್ತಿ ಸಿಗಲೇ ಇಲ್ಲ. ಒಂದು ದಿನ ಸದ್ದು ಸಿಕ್ಕಿತು, ಇನ್ನೊಂದು ದಿನ ಚಿತ್ರ. ಮೊನ್ನೆ ಮೊಮ್ಮಗಳು ನನ್ನ ಮಾರಿ ನೋಡಿ ಟೀವಿಯ ಸದ್ದು ತೆಗೆದಳು. ಪಾಪ, ಒಳ್ಳೆಯದಕ್ಕೇ ತೆಗೆದಳು. ಅದೇ ಸಿನಿಮಾವೋ ಏನೋ, ಕಪ್ಪು ಸರಿದಿತ್ತು, ಗಂಟೆ ತೂಗುತ್ತಿತ್ತು. ನನ್ನ ಕಿವಿ ಬಾಗಿಲು ದಾಟಿ ಹೊರಗೆ ಹೋಯಿತು. ಒಂದು ಆಟೋ ಹೋಯಿತು. ಯಾರೋ ಯಾರನ್ನೋ ಕರೆದರು. ಜಿನ್ನಿದ್ದ ಜಾಗದಲ್ಲಿ ಈಗ ಮನೆಗಳಿವೆ, ನಿಲ್ಲುವುದಕ್ಕೂ ಅಲ್ಲಿ ಎಂಜಿನ್ನು ಇಲ್ಲ. ಆದರೂ ಕೇಳುತ್ತ ಕುಂತೆ. ಎಷ್ಟೋ ಹೊತ್ತಿನ ಮೇಲೆ ತುತ್ತು ನುಂಗಿದೆ.