ಬಳೆಗೆ ಮೀಟರ್ ಹಿಡಿದದ್ದು

ಹೊಸೂರಿಗೆ ಕಾರ್ಖಾನೆಗಳು ಆಗತಾನೇ ಬಂದಿದ್ದ ಕಾಲ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮಂಡಿನೋವಿಗೆಂದು ಅಯಸ್ಕಾಂತದ ಬಳೆ ಮಾರುತ್ತಿದ್ದ. ಅದು ಬರೀ ತಗಡೆಂದು ನನಗೆ ಖಾತ್ರಿಯಿತ್ತು. ಕಾರ್ಖಾನೆಯಲ್ಲಿ ಅಯಸ್ಕಾಂತದ ಬಲ ಅಳೆಯುವ ನನ್ನ ಮೀಟರ್ ಚೀಲದಲ್ಲೇ ಇತ್ತು. ಅದರ ಕಡ್ಡಿಯ ತುದಿಯಲ್ಲೊಂದು ಅರೆವಾಹಕದ ಚೂರು. ಅದರೊಳಗೆ ಹರಿಯುವ ಎಲೆಕ್ಟ್ರಾನುಗಳನ್ನು ಅಯಸ್ಕಾಂತ ಪಕ್ಕಕ್ಕೆ ತಳ್ಳಿದರೆ ಮೀಟರಿನ ಮುಳ್ಳು ಏಳುತ್ತದೆ. ಬಳೆ ಕೊಳ್ಳಲು ನಿಂತಿದ್ದ ಅಜ್ಜಿಯನ್ನು ಉಳಿಸುವ ಹುಮ್ಮಸ್ಸಿನಲ್ಲಿ ಕಡ್ಡಿಯನ್ನು ಬಳೆಗೆ ಹಿಡಿದೆ. ಮುಳ್ಳು ಕೊನೆಯವರೆಗೂ ಹಾರಿತು.

“ನೋಡ್ದ್ಯಾ ಅಜ್ಜಿ, ಸಾರ್ ಮಿಷಿನ್ನೇ ಹೇಳ್ತು,” ಎಂದ ಬಳೆಯವನು.

“ಅದು ತಳ್ಳಿದ್ದು ಎಲೆಕ್ಟ್ರಾನನ್ನ, ನೋವನ್ನಲ್ಲ,” ಎಂದೆ.

“ಕಣ್ಗೆ ಕಾಣ್ದೇ ಇರೋದ್ನೇ ತಳ್ತದಲ್ಲಪ್ಪ. ನೋವು ಕಾಣ್ತದಾ?” ಎಂದು ಅಜ್ಜಿ ಬಳೆ ತೊಟ್ಟಳು. “ಮಂಡಿಗೂ ಒಸಿ ಮಿಷಿನ್ ಹಿಡಿ.”

ಹಿಡಿದೆ. ಮುಳ್ಳು ಅಲುಗಲಿಲ್ಲ.

“ಆಗ್ಲೇ ಹೋಗ್ಬುಟ್ಟದೆ,” ಎಂದಳು.

ಡೆಂಕಣಿಕೋಟೆ ಬಸ್ಸು ಬರುವ ಹೊತ್ತಿಗೆ ನನ್ನೆದುರು ಮಂಡಿ ಚಾಚಿದವರ ಸಾಲು ಬಳೆಯವನ ಸಾಲಿಗಿಂತ ಉದ್ದವಾಗಿತ್ತು.